ಸುಮ್ಮನಿರದವನ ತಾಳ್ಮೆ

ಒಬ್ಬರ ಸಹನೆಗೆ ಎಣೆಯೇ ಇಲ್ಲ ಎಂದು ಹೇಳಬೇಕಾದಾಗ ಇಂಗ್ಲಿಷ್ ಭಾಷಿಕರು ಬಳಸುವ ನುಡಿಗಟ್ಟು ‘ಪೇಷನ್ಸ್ ಆಫ್ ಜೋಬ್’, ಅಂದರೆ ಯೋಬನ ತಾಳ್ಮೆ. ಹಾಸಿಗೆ ಹಿಡಿದ ತಂದೆಯ ಆರೈಕೆಯನ್ನು ಮುಖ ಗಂಟಿಕ್ಕದೆ ವರ್ಷಗಟ್ಟಲೆ ಮಾಡುವ ಮಗಳಿಗೂ, ಒಂದೇ ಲೆಕ್ಕವನ್ನು ಹತ್ತನೆಯ ಸಲ ಹೇಳಿಕೊಡುವ ಶಿಕ್ಷಕನಿಗೂ, ಜಮೀನಿನ ಕಡತಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರೂ ದನಿಯೇರಿಸದ ರೈತನಿಗೂ ಈ ಮಾತು ಸಲ್ಲುತ್ತದೆ. ಕಷ್ಟ ಎಷ್ಟೇ ಬಂದರೂ ತುಟಿಪಿಟಿಕ್ಕೆನ್ನದೆ ಸಹಿಸುವ ಗುಣವೇ ಯೋಬನ ತಾಳ್ಮೆ ಎಂಬುದು ಇಂದಿನ ರೂಢಿಯ ಅರ್ಥ. ಆದರೆ ಈ ನುಡಿಗಟ್ಟಿಗೆ ಹೆಸರು ಕೊಟ್ಟ ವ್ಯಕ್ತಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಓದಿದವರಿಗೆ ಅಲ್ಲಿ ತುಟಿ ಬಿಗಿದುಕೊಂಡ ಮನುಷ್ಯ ಸಿಗುವುದು ಮೊದಲ ಎರಡು ಅಧ್ಯಾಯಗಳಲ್ಲಿ ಮಾತ್ರ. ಅಲ್ಲಿಂದಾಚೆಗೆ ಸಿಗುವವನು ವಾದಿಸುವವನು, ದೂರುವವನು, ದೇವರನ್ನೇ ನ್ಯಾಯಕ್ಕೆ ಕರೆಯುವವನು. ರೂಢಿಯ ಮಾತಿಗೂ ಮೂಲದ ಕಥೆಗೂ ನಡುವೆ ಇಷ್ಟು ಅಂತರ ಹೇಗೆ ಬಂತು ಎಂಬುದು ಕೇಳಬೇಕಾದ ಪ್ರಶ್ನೆ. ಮಂಗಳೂರಿನಲ್ಲಿ ನಿಂತು ಕೇಳುವುದಕ್ಕಂತೂ ವಿಶೇಷ ಕಾರಣವಿದೆ.

ಈ ನಗರದಲ್ಲಿ ಆ ಒಬ್ಬನೇ ವ್ಯಕ್ತಿಗೆ ಮೂರು ಹೆಸರುಗಳಿವೆ. ಬಲ್ಮಠದ ಶಾಂತಿ ಕೆಥೆಡ್ರಲ್‌ನಲ್ಲಿ ಕನ್ನಡ ಬೈಬಲ್ ಓದುವ ಪ್ರೊಟೆಸ್ಟಂಟರಿಗೆ ಅವನು ಯೋಬ. ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚಿಗೆ ಹೋಗುವ ಕೊಂಕಣಿ ಕಥೋಲಿಕರಿಗೆ ಜೋಬ್. ಬಂದರಿನ ಝೀನತ್ ಬಕ್ಷ್ ಮಸೀದಿಯಲ್ಲಿ ನಮಾಝ್ ಮಾಡುವ ಬ್ಯಾರಿಗಳಿಗೆ ಪ್ರವಾದಿ ಅಯ್ಯೂಬ್. ಎರಡು ಮೂರು ಕಿಲೋಮೀಟರುಗಳ ಒಳಗೇ ಇರುವ ಈ ಮೂರು ಆರಾಧನಾಲಯಗಳಲ್ಲಿ ಒಂದೇ ಹಳೆಯ ಕಥೆ ಮೂರು ಬಗೆಯಲ್ಲಿ ನೆನಪಾಗುತ್ತದೆ. ಆದ್ದರಿಂದ ಈ ನುಡಿಗಟ್ಟು ಮಂಗಳೂರಿಗೆ ಬರಲು ಇಂಗ್ಲಿಷಿನ ದಾರಿಯೊಂದನ್ನೇ ಕಾಯಬೇಕಾಗಿರಲಿಲ್ಲ.

ಮೂಲ ಕಥೆ ಇರುವುದು ಹೀಬ್ರೂ ಭಾಷೆಯ ಪವಿತ್ರ ಗ್ರಂಥಗಳಲ್ಲಿ ಒಂದಾದ ಯೋಬನ ಗ್ರಂಥದಲ್ಲಿ. ನಲವತ್ತೆರಡು ಅಧ್ಯಾಯಗಳ ಈ ಕೃತಿಯ ಆರಂಭ ಮತ್ತು ಕೊನೆ ಗದ್ಯದಲ್ಲಿದ್ದು ನಡುವಿನ ಬಹುಭಾಗ ಪದ್ಯದಲ್ಲಿದೆ. ಈಗಿನ ರೂಪಕ್ಕೆ ಅದು ಬಂದದ್ದು ಕ್ರಿಸ್ತಪೂರ್ವ ಆರರಿಂದ ನಾಲ್ಕನೆಯ ಶತಮಾನಗಳ ನಡುವೆ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಊಚ್ ಎಂಬ ದೇಶದಲ್ಲಿದ್ದ ಯೋಬನಿಗೆ ಏಳು ಗಂಡು ಮೂರು ಹೆಣ್ಣು ಮಕ್ಕಳು, 7,000 ಕುರಿ, 3,000 ಒಂಟೆ, 500 ಜೋಡಿ ಎತ್ತು, 500 ಹೆಣ್ಣು ಕತ್ತೆ. ದೇವರ ಸಭೆಯಲ್ಲಿ ಒಂದು ದಿನ ಸೈತಾನನು ಯೋಬನ ಭಕ್ತಿಯ ಬಗ್ಗೆ ಸಂಶಯ ಎತ್ತುತ್ತಾನೆ. ಇಲ್ಲಿ ಸೈತಾನನೆಂದರೆ ನಂತರದ ಕಾಲದ ನರಕಾಧಿಪತಿಯಲ್ಲ, ಮನುಷ್ಯರ ತಪ್ಪುಗಳನ್ನು ಎತ್ತಿ ತೋರುವ ಆಪಾದಕ. ಇಷ್ಟೆಲ್ಲ ಕೊಟ್ಟರೆ ಯಾರು ತಾನೇ ಭಕ್ತನಾಗುವುದಿಲ್ಲ, ಕೊಟ್ಟದ್ದನ್ನು ಕಿತ್ತುಕೊಂಡು ನೋಡು ಎಂಬುದು ಅವನ ಸವಾಲು. ದೇವರು ಒಪ್ಪುತ್ತಾನೆ. ಒಂದೇ ದಿನದಲ್ಲಿ ಎತ್ತುಗಳು ಸೂರೆಯಾಗುತ್ತವೆ, ಆಕಾಶದಿಂದ ಬಿದ್ದ ಬೆಂಕಿಗೆ ಕುರಿಗಳು ಸುಡುತ್ತವೆ, ಒಂಟೆಗಳನ್ನು ದಾಳಿಕೋರರು ಹೊಡೆದುಕೊಂಡು ಹೋಗುತ್ತಾರೆ, ಹಿರಿಯ ಮಗನ ಮನೆ ಬಿರುಗಾಳಿಗೆ ಕುಸಿದು ಹತ್ತೂ ಮಕ್ಕಳು ಸಾಯುತ್ತಾರೆ. ಆಮೇಲೆ ಅಂಗಾಲಿನಿಂದ ನೆತ್ತಿಯವರೆಗೆ ಹುಣ್ಣು ಎದ್ದು, ಯೋಬನು ಬೂದಿಯಲ್ಲಿ ಕುಳಿತು ಒಡೆದ ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುವ ಸ್ಥಿತಿಗೆ ಬರುತ್ತಾನೆ. ಈವರೆಗೆ ಅವನ ಬಾಯಿಂದ ದೇವರನ್ನು ನಿಂದಿಸುವ ಒಂದು ಮಾತೂ ಹೊರಡುವುದಿಲ್ಲ, ಮತ್ತು ರೂಢಿಯ ನುಡಿಗಟ್ಟು ನೆನಪಿಟ್ಟುಕೊಂಡಿರುವುದು ಇಷ್ಟನ್ನೇ.

ಕನ್ನಡ ಓದುಗರಿಗೆ ಈ ಕಥೆಯ ಚೌಕಟ್ಟು ಅಪರಿಚಿತವೇನಲ್ಲ. ಹದಿಮೂರನೆಯ ಶತಮಾನದ ರಾಘವಾಂಕನು ‘ಹರಿಶ್ಚಂದ್ರಕಾವ್ಯ’ದಲ್ಲಿ ಹೇಳುವ ಕಥೆಯೂ ದೇವಲೋಕದ ಸಭೆಯೊಂದರಲ್ಲೇ ತೊಡಗುತ್ತದೆ, ಇಂದ್ರನ ಎದುರಿನಲ್ಲಿ ವಸಿಷ್ಠನು ಹರಿಶ್ಚಂದ್ರನ ಸತ್ಯವನ್ನು ಹೊಗಳುತ್ತಾನೆ, ವಿಶ್ವಾಮಿತ್ರನು ಅಲ್ಲಗಳೆಯುತ್ತಾನೆ, ಇಬ್ಬರು ಋಷಿಗಳ ಪಂಥಕ್ಕೆ ಭೂಮಿಯ ಮೇಲಿನ ರಾಜನೊಬ್ಬನ ಬದುಕು ಒರೆಗಲ್ಲಾಗುತ್ತದೆ. ರಾಜ್ಯ ಹೋಗುತ್ತದೆ, ಹೆಂಡತಿಯನ್ನೂ ಮಗನನ್ನೂ ಮಾರಬೇಕಾಗುತ್ತದೆ, ಅರಸನು ಸುಡುಗಾಡಿನ ಒಡೆಯ ವೀರಬಾಹುವಿನ ಆಳಾಗಿ ಅಲ್ಲಿ ಕಾವಲು ಕಾಯುತ್ತಾನೆ, ಹಾವು ಕಚ್ಚಿ ಸತ್ತ ಮಗನ ಹೆಣಕ್ಕೂ ತೆರಿಗೆ ಕೇಳುವ ಗಳಿಗೆ ಬರುತ್ತದೆ. ಕರಾವಳಿಯ ಯಕ್ಷಗಾನ ಮತ್ತು ತಾಳಮದ್ದಳೆಗಳಲ್ಲಿ ಈ ಪ್ರಸಂಗಕ್ಕೆ ಇಂದಿಗೂ ಪ್ರೇಕ್ಷಕರಿದ್ದಾರೆ. ಎರಡೂ ಕಥೆಗಳ ಹೋಲಿಕೆ ಹತ್ತೊಂಬತ್ತನೆಯ ಶತಮಾನದಲ್ಲೇ ಐರೋಪ್ಯ ವಿದ್ವಾಂಸರ ಗಮನಕ್ಕೆ ಬಂದಿತ್ತು. ಆದರೆ ವ್ಯತ್ಯಾಸವೇ ಹೆಚ್ಚು ಮುಖ್ಯವೆಂದು ತೋರುತ್ತದೆ. ಹರಿಶ್ಚಂದ್ರನಿಗೆ ತನ್ನ ಕಷ್ಟ ಎಲ್ಲಿಂದ ಬಂತೆಂದು ಗೊತ್ತು, ಕೊಡಬೇಕಾದ ಹಣಕ್ಕಾಗಿ ಪೀಡಿಸುವ ವಿಶ್ವಾಮಿತ್ರ ಕಣ್ಣೆದುರಿಗೇ ಇದ್ದಾನೆ, ಒಂದು ಸುಳ್ಳು ಹೇಳಿದರೆ ಎಲ್ಲವೂ ಮರಳಿ ಬರುತ್ತದೆ. ಯೋಬನಿಗೆ ತನ್ನ ಮೇಲೆ ಪಂಥ ನಡೆದದ್ದೇ ಗೊತ್ತಿಲ್ಲ, ಕೊನೆಯವರೆಗೂ ಯಾರೂ ಅದನ್ನು ಅವನಿಗೆ ತಿಳಿಸುವುದಿಲ್ಲ. ಕಾರಣವೇ ತಿಳಿಯದ ಸಂಕಟವನ್ನು ತಾಳುವುದು ಬೇರೆಯೇ ಬಗೆಯ ಕಠಿಣ ಕೆಲಸ.

ಸುದ್ದಿ ತಿಳಿದು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕುಳಿತಿರುತ್ತಾರೆ. ಮೂರನೆಯ ಅಧ್ಯಾಯದಲ್ಲಿ ಯೋಬ ಬಾಯಿ ತೆರೆದಾಗ ಮೊದಲು ಬರುವುದು ತಾನು ಹುಟ್ಟಿದ ದಿನಕ್ಕೇ ಹಾಕುವ ಶಾಪ. ಅಲ್ಲಿಂದ ಮುಂದೆ ಮೂವತ್ತು ಅಧ್ಯಾಯಗಳಿಗೂ ಮಿಕ್ಕಿ ನಡೆಯುವುದು ಬರಿಯ ಮಾತು, ಮಾತಿಗೆ ಮಾತು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ವಾದದ ಬಲದಿಂದ ಪಾತ್ರಗಳನ್ನು ಕಟ್ಟುವ ತಾಳಮದ್ದಳೆಯ ಕೂಟವನ್ನು ಬಲ್ಲ ದಕ್ಷಿಣ ಕನ್ನಡದ ಓದುಗನಿಗೆ ಈ ಗ್ರಂಥದ ಸ್ವರೂಪ ಬೇಗ ಹಿಡಿದೀತು: ಮೂವರು ಅರ್ಥಧಾರಿಗಳು ಸರದಿಯಂತೆ ಎದುರು ನಿಲ್ಲುತ್ತಾರೆ, ಪ್ರತಿಯೊಬ್ಬನಿಗೂ ಯೋಬನೊಬ್ಬನೇ ಉತ್ತರ ಕೊಡುತ್ತಾನೆ, ಸುತ್ತು ಮುಗಿದರೆ ಮತ್ತೊಂದು ಸುತ್ತು, ಸುತ್ತುಗಳೆಲ್ಲ ಮುಗಿದ ಮೇಲೆ ಎಲೀಹು ಎಂಬ ಹರೆಯದವನೊಬ್ಬ ಹಿರಿಯರು ಸೋತರೆಂದು ಕೆರಳಿ ಕೂಟಕ್ಕೆ ಇಳಿಯುತ್ತಾನೆ. ಗೆಳೆಯರ ವಾದ ಸರಳ. ದೇವರು ನ್ಯಾಯವಂತ, ನೀನು ನರಳುತ್ತಿರುವೆ, ಆದ್ದರಿಂದ ನೀನು ಏನೋ ಪಾಪ ಮಾಡಿರಬೇಕು, ಒಪ್ಪಿಕೊಂಡರೆ ಬಿಡುಗಡೆ. ಮಾಡದ ತಪ್ಪನ್ನು ಒಪ್ಪಿಕೊಳ್ಳಲು ಯೋಬ ಸಿದ್ಧನಿಲ್ಲ. ಅವನು ಗೆಳೆಯರನ್ನು ಕೆಲಸಕ್ಕೆ ಬಾರದ ವೈದ್ಯರೆಂದು ಕರೆಯುತ್ತಾನೆ. ದೇವರೊಡನೆ ನೇರವಾಗಿ ವ್ಯಾಜ್ಯ ಹೂಡುವ ಬಯಕೆ ತೋಡಿಕೊಳ್ಳುತ್ತಾನೆ. ಮೂವತ್ತೊಂದನೆಯ ಅಧ್ಯಾಯದಲ್ಲಿ ತಾನು ಮಾಡದೆ ಇರುವ ತಪ್ಪುಗಳನ್ನು ಒಂದೊಂದಾಗಿ ಎಣಿಸಿ, ತನ್ನ ಹೇಳಿಕೆಗೆ ತಾನೇ ರುಜು ಹಾಕಿದ್ದೇನೆಂದೂ, ಎದುರಾಳಿಯು ಆರೋಪವನ್ನು ಬರೆದು ಕೊಡಲಿ ಎಂದೂ ಕೇಳುತ್ತಾನೆ. ನ್ಯಾಯಾಲಯದ ಭಾಷೆಯನ್ನು ಇಷ್ಟು ಧೈರ್ಯವಾಗಿ ದೇವರ ಮುಂದೆ ಬಳಸಿದ ಭಾಗ ಇಡೀ ಬೈಬಲಿನಲ್ಲಿ ಮತ್ತೊಂದಿಲ್ಲ.

ಕೊನೆಗೆ ಬಿರುಗಾಳಿಯೊಳಗಿಂದ ದೇವರು ಮಾತಾಡುತ್ತಾನೆ. ಅವನು ಯೋಬನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಭೂಮಿಗೆ ಅಸ್ತಿಭಾರ ಹಾಕಿದಾಗ ನೀನೆಲ್ಲಿದ್ದೆ ಎಂದು ಕೇಳಿ, ಕಡಲು, ನಕ್ಷತ್ರ, ಕಾಡುಮೇಕೆ, ಉಷ್ಟ್ರಪಕ್ಷಿ, ಯುದ್ಧದ ಕುದುರೆ, ಗಿಡುಗ ಎಂದು ಸೃಷ್ಟಿಯನ್ನೆಲ್ಲ ಕಣ್ಣೆದುರು ಹಾಯಿಸುತ್ತಾನೆ. ಯೋಬ ತಲೆಬಾಗುತ್ತಾನೆ. ಆದರೆ ಓದುಗರು ಹೆಚ್ಚಾಗಿ ಮರೆಯುವ ತಿರುವು ಇದರ ಮರುಕ್ಷಣದಲ್ಲಿದೆ: ದೇವರ ಕೋಪ ತಿರುಗುವುದು ದೇವರ ಪರವಾಗಿಯೇ ವಕಾಲತ್ತು ವಹಿಸಿದ ಗೆಳೆಯರ ಮೇಲೆ. ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಹೊರತು ನೀವಲ್ಲ ಎಂದು ಹೇಳಿ, ಅವರ ಪರವಾಗಿ ಯೋಬನೇ ಪ್ರಾರ್ಥಿಸಬೇಕೆಂದು ವಿಧಿಸುತ್ತಾನೆ. ದೂರಿದವನಿಗೆ ಮನ್ನಣೆ, ದೂರಬೇಡವೆಂದು ಬುದ್ಧಿ ಹೇಳಿದವರಿಗೆ ಛೀಮಾರಿ. ಈ ಗ್ರಂಥದ ಧೈರ್ಯವೆಲ್ಲ ಇಲ್ಲಿದೆ, ಮತ್ತು ಇದನ್ನು ಬಿಟ್ಟು ಯೋಬನನ್ನು ಮೌನಿಯಾಗಿ ಚಿತ್ರಿಸುವುದು ಅವನಿಗೆ ಮಾಡುವ ಅನ್ಯಾಯ.

ಹಾಗಿದ್ದರೂ ಅವನ ಹೆಸರು ತಾಳ್ಮೆಗೆ ಅಂಟಿಕೊಂಡಿತು. ಅದಕ್ಕೆ ನೇರ ಕಾರಣ ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದ ಒಂದು ವಾಕ್ಯ; ಕಷ್ಟದಲ್ಲಿದ್ದ ಮೊದಲ ತಲೆಮಾರಿನ ಕ್ರೈಸ್ತರಿಗೆ ಅದು ಯೋಬನ ತಾಳ್ಮೆಯನ್ನು ನೆನಪಿಸುತ್ತದೆ. ಹೆಚ್ಚುಕಡಿಮೆ ಅದೇ ಕಾಲದ ಆಸುಪಾಸಿನಲ್ಲಿ ಗ್ರೀಕಿನಲ್ಲಿ ಹುಟ್ಟಿದ ‘ಯೋಬನ ಮರಣಶಾಸನ’ ಎಂಬ ಜನಪ್ರಿಯ ಮರುಕಥನವೂ ವಾದವನ್ನು ಹಿಂದೆ ಸರಿಸಿ ಸಹನೆಯನ್ನು ಮುಂದೆ ತಂದಿತು. ಆರನೆಯ ಶತಮಾನದ ಪೋಪ್ ಮಹಾ ಗ್ರೆಗೊರಿ ಯೋಬನ ಗ್ರಂಥಕ್ಕೆ ಮೂವತ್ತೈದು ಭಾಗಗಳ ವ್ಯಾಖ್ಯಾನ ಬರೆದು, ಮಧ್ಯಯುಗದ ಯುರೋಪಿಗೆಲ್ಲ ಯೋಬನನ್ನು ಸಹನೆಯ ಪ್ರತಿಮೆಯಾಗಿ ನಿಲ್ಲಿಸಿದನು. ಇಂಗ್ಲಿಷಿನಲ್ಲಿ ಹದಿನಾಲ್ಕನೆಯ ಶತಮಾನದ ವಿಕ್ಲಿಫ್‌ನ ಬಳಗದ ಅನುವಾದ, ಹದಿನಾರನೆಯ ಶತಮಾನದ ವಿಲಿಯಂ ಟಿಂಡೇಲನ ಅನುವಾದ, 1611ರ ಕಿಂಗ್ ಜೇಮ್ಸ್ ಬೈಬಲ್ ಇವು ಮೂರೂ ಆ ವಾಕ್ಯದಲ್ಲಿ ‘ಪೇಷನ್ಸ್’ ಎಂಬ ಪದವನ್ನೇ ಹಿಡಿದದ್ದರಿಂದ ನುಡಿಗಟ್ಟು ಗಟ್ಟಿಯಾಯಿತು. ಕಿಂಗ್ ಜೇಮ್ಸ್ ಬೈಬಲಿಗೆ ಮುನ್ನವೇ ಅದು ಜನರ ಬಾಯಿಗೆ ಬಂದಿತ್ತು ಎಂಬುದಕ್ಕೆ ಶೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಎರಡನೆಯ ಭಾಗವೇ ಸಾಕ್ಷಿ. ಅಲ್ಲಿನ ಫಾಲ್‌ಸ್ಟಾಫ್ ಬಡತನದಲ್ಲಿ ತಾನು ಯೋಬನಿಗೆ ಸಮನಾದರೂ ತಾಳ್ಮೆಯಲ್ಲಿ ಅಲ್ಲವೆಂದು ಹೇಳಿಕೊಳ್ಳುತ್ತಾನೆ, ಮತ್ತು ಪ್ರೇಕ್ಷಕರಿಗೆ ವಿವರಣೆ ಬೇಕಾಗುವುದಿಲ್ಲ.

ಅರ್ಥದ ಎಳೆ ಬಿಡಿಸಬೇಕಾದರೆ ಯಾಕೋಬನ ಪತ್ರಿಕೆಯ ಗ್ರೀಕ್ ಪದವನ್ನು ಒಮ್ಮೆ ನೋಡಲೇಬೇಕು. ಅಲ್ಲಿರುವ ‘ಹುಪೊಮೊನೆ’ ಎಂಬ ಪದಕ್ಕೆ ಹೊರೆಯ ಕೆಳಗೆ ನಿಂತ ಕಾಲು ಕೀಳದಿರುವುದು ಎಂಬ ಧ್ವನಿಯಿದೆ. ಕೋಪವನ್ನು ನುಂಗಿಕೊಂಡು ಸಾವಧಾನದಿಂದಿರುವುದಕ್ಕೆ ಗ್ರೀಕಿನಲ್ಲಿ ಬೇರೆಯೇ ಪದವಿದ್ದು, ಅದೇ ಪತ್ರಿಕೆಯ ಅದೇ ಅಧ್ಯಾಯದಲ್ಲಿ ಪ್ರಯೋಗವೂ ಆಗಿದೆ. ಲ್ಯಾಟಿನ್ ಮತ್ತು ಇಂಗ್ಲಿಷ್ ದಾಟುವಾಗ ನೋವು ಅನುಭವಿಸುವುದು ಎಂಬ ಅರ್ಥದ ಕಡೆಗೆ ತೂಕ ವಾಲಿತು. ರೋಗಿಗೆ ‘ಪೇಷಂಟ್’ ಎಂಬ ಹೆಸರು ಬಂದದ್ದೂ ಅದೇ ಲ್ಯಾಟಿನ್ ಧಾತುವಿನಿಂದ. ಇತ್ತೀಚಿನ ಇಂಗ್ಲಿಷ್ ಬೈಬಲುಗಳು ಈ ವಾಕ್ಯದಲ್ಲಿ ಬಿಡದೆ ಮುಂದುವರಿಯುವಿಕೆ ಎಂಬರ್ಥದ ಪದಗಳಿಗೆ ತಿರುಗಿರುವುದು ಹಳೆಯ ಧ್ವನಿಯನ್ನು ಮರಳಿ ಪಡೆಯುವ ಪ್ರಯತ್ನ. ಕನ್ನಡ ಬೈಬಲಿನ ‘ತಾಳ್ಮೆ’ಗೆ ಅಂಥ ತಿದ್ದುಪಡಿಯ ಅಗತ್ಯ ಅಷ್ಟಾಗಿ ಬರಲಿಲ್ಲ. ತಾಳು ಎಂಬ ಕ್ರಿಯಾಪದ ಕನ್ನಡಿಗರ ಬಾಯಲ್ಲಿ ನಿಲುವು ತಾಳುವುದಕ್ಕೂ, ರೂಪ ತಾಳುವುದಕ್ಕೂ, ತಾಳಿಕೆ ಬಾಳಿಕೆಯ ಪಾತ್ರೆಗೂ ಸಲ್ಲುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆಯಲ್ಲಿಯೂ ಅದರ ಒತ್ತು ಉಳಿದು ಬದುಕುವುದರ ಮೇಲಿದೆ. ಉಡುಪಿಯ ಪರಂಪರೆಯ ಸೋದೆಯ ವಾದಿರಾಜರು ತಾಳುವಿಕೆಯನ್ನೇ ತಪಸ್ಸಾಗಿ ಕಂಡು ಕೀರ್ತನೆ ರಚಿಸಿದ ನಾಡಿಗೆ ಯೋಬ ಬಂದಾಗ, ಅವನನ್ನು ಕೂರಿಸಲು ಇಲ್ಲಿ ಮೊದಲೇ ಜಾಗವಿತ್ತು.

ಕಥೋಲಿಕರಲ್ಲಿ ಜೋಬನ ಪರಿಚಯ ಮುಖ್ಯವಾಗಿ ಸಾವಿನ ಮನೆಯ ಮೂಲಕ ಆಯಿತು. ಮೃತರಿಗಾಗಿ ಸಲ್ಲಿಸುವ ಹಳೆಯ ಲ್ಯಾಟಿನ್ ಪ್ರಾರ್ಥನಾವಿಧಿಯ ಒಂಬತ್ತು ಪಾಠಗಳೂ ಯೋಬನ ಗ್ರಂಥದವೇ, ಅವು ಬಹುಮಟ್ಟಿಗೆ ಅವನ ದೂರುಗಳೇ. ಸಹನೆಯ ಪ್ರತಿಮೆಯೆಂದು ಬೋಧಿಸಿದ ಚರ್ಚೇ ಹೆಣದ ಮುಂದೆ ನಿಂತಾಗ ಅವನ ಅಳಲನ್ನು ತನ್ನದಾಗಿಸಿಕೊಂಡದ್ದು ಗಮನಿಸಬೇಕಾದ ಸಂಗತಿ. 1960ರ ದಶಕದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ವಿಧಿಗಳು ಜನರ ಭಾಷೆಗೆ ಬಂದು, ಮಂಗಳೂರಿನ ಕೊಂಕಣಿಯಲ್ಲಿ ‘ಸೊಸ್ಣಿಕಾಯ್’ ಎಂದು ಕರೆಯುವ ಗುಣಕ್ಕೆ ಜೋಬನ ಹೆಸರನ್ನು ಕೇಳಿ ತಿಳಿಯುವುದು ಸಾಧ್ಯವಾಯಿತು.

ಕುರ್‌ಆನ್‌ನಲ್ಲಿ ಅಯ್ಯೂಬರ ಹೆಸರು ನಾಲ್ಕು ಕಡೆ ಬರುತ್ತದೆ. ಅಲ್ಲಿ ಗೆಳೆಯರ ವಾದವಿಲ್ಲ. ನೋವು ತಟ್ಟಿದೆ ಎಂದು ಅಯ್ಯೂಬರು ಅಲ್ಲಾಹನನ್ನು ಕೂಗುತ್ತಾರೆ, ಕಾಲಿನಿಂದ ನೆಲಕ್ಕೆ ತುಳಿಯಲು ಹೇಳಿದಾಗ ಮೀಯಲು ಮತ್ತು ಕುಡಿಯಲು ತಣ್ಣೀರು ಚಿಮ್ಮುತ್ತದೆ, ಅವರನ್ನು ‘ಸಬ್ರ್’ ಉಳ್ಳವರೆಂದು ಹೊಗಳಲಾಗುತ್ತದೆ. ನೋವನ್ನು ದೇವರಲ್ಲಿ ತೋಡಿಕೊಳ್ಳುವುದು ಸಬ್ರ್‌ಗೆ ಭಂಗವಲ್ಲ ಎಂದು ಇಸ್ಲಾಮಿನ ವ್ಯಾಖ್ಯಾನಕಾರರು ಈ ಪ್ರಸಂಗವನ್ನು ಆಧರಿಸಿ ವಿವರಿಸುತ್ತಾರೆ. ಒಮಾನಿನ ಸಲಾಲಾದ ಬೆಟ್ಟದ ಮೇಲೆ ಅಯ್ಯೂಬರದೆಂದು ನಂಬಲಾಗುವ ಸಮಾಧಿಯೊಂದಿದೆ. ಕೊಲ್ಲಿಯಲ್ಲಿ ದುಡಿಯುವ ಕರಾವಳಿಯವರಿಗೆ ಹೀಗೆ ಈ ಹೆಸರು ಕಣ್ಣಿಂದ ನೋಡಬಹುದಾದ ಒಂದು ಸ್ಥಳವೂ ಹೌದು.

ಅಚ್ಚಿನ ಕನ್ನಡದಲ್ಲಿ ಯೋಬ ನೆಲೆಗೊಂಡದ್ದು ಪ್ರೊಟೆಸ್ಟಂಟ್ ಮಿಷನರಿಗಳಿಂದ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ಸಿದ್ಧಪಡಿಸಿದ ಕನ್ನಡ ಬೈಬಲ್ 1830ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಇಲ್ಲಿನ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದನು. ದಾಸರ ಪದಗಳು, ಜೈಮಿನಿ ಭಾರತ, ಬಸವಪುರಾಣ, ಕನ್ನಡದ ಗಾದೆಗಳು ಇವೆಲ್ಲ ಮೊಗ್ಲಿಂಗನ ಕೈಯಿಂದ ಇದೇ ಊರಿನಲ್ಲಿ ಅಚ್ಚಾದವು. ಬೈಬಲಿನ ನುಡಿ ಹೊತ್ತು ತಂದವರು ನೆಲದ ನುಡಿಯನ್ನು ಇಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡಿರದಿದ್ದರೆ ಅವರ ಅನುವಾದಗಳು ಕನ್ನಡವಾಗಿ ನಿಲ್ಲುತ್ತಿರಲಿಲ್ಲ.

ಹೊರೆಯ ಕೆಳಗೆ ಕಾಲು ಕೀಳದೆ ನಿಲ್ಲುವುದೇ ಈ ನುಡಿಗಟ್ಟಿನ ಹಳೆಯ ಅರ್ಥವಾದರೆ, ಅದಕ್ಕೆ ಮಂಗಳೂರು ಕೊಡಬಹುದಾದ ಉದಾಹರಣೆ ಫರ್ಡಿನಂಡ್ ಕಿಟೆಲ್. ಉತ್ತರ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ 1832ರಲ್ಲಿ ಹುಟ್ಟಿ 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್‌ಗೆ ಕನ್ನಡ–ಇಂಗ್ಲಿಷ್ ನಿಘಂಟಿನ ಹೊಣೆ ಬಂದದ್ದು 1870ರ ದಶಕದ ಆರಂಭದಲ್ಲಿ. ಆ ವೇಳೆಗೆ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದ್ದ ಈ ವಿದ್ವಾಂಸ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಮಂಗಳೂರಿನಲ್ಲಿ ಅಚ್ಚು ಹಾಕಿಸಿದನು. 1877ರಲ್ಲಿ ಜರ್ಮನಿಗೆ ಮರಳಬೇಕಾಯಿತು. ನಿಘಂಟಿನ ಕೆಲಸ ಅಲ್ಲಿಯೂ ನಡೆಯಿತು, ಆದರೆ ಕನ್ನಡ ಮಾತಾಡುವವರಿಲ್ಲದೆ ಅದು ಮುಗಿಯುವಂಥದ್ದಲ್ಲವೆಂದು ಮನಗಂಡು, ಐವತ್ತು ದಾಟಿದ ವಯಸ್ಸಿನಲ್ಲಿ, 1883ರಲ್ಲಿ, ಮತ್ತೆ ಹಡಗು ಹತ್ತಿ ಬಂದನು. ಸುಮಾರು ಒಂಬತ್ತು ವರ್ಷ ಇಲ್ಲಿದ್ದು 1892ರಲ್ಲಿ ಹೊರಟಾಗ ಹಸ್ತಪ್ರತಿ ಸಿದ್ಧವಾಗಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ, 1,700 ಪುಟಗಳನ್ನೂ ಮೀರಿದ ಸಂಪುಟ ಹೊರಬಂತು.

ಆ ಸಂಪುಟದ ಯಾವುದೇ ಪುಟ ತೆರೆದರೂ ದುಡಿಮೆಯ ಸ್ವರೂಪ ಕಾಣುತ್ತದೆ. ಮೊದಲಿಗೆ ಕನ್ನಡ ಲಿಪಿಯಲ್ಲಿ ಪದ, ಪಕ್ಕದಲ್ಲಿ ರೋಮನ್ ಲಿಪಿಯಲ್ಲಿ ಅದರ ಉಚ್ಚಾರ, ನಂತರ ಅರ್ಥಗಳು, ಆ ಅರ್ಥ ಸಿಕ್ಕ ಹಳೆಯ ಕೃತಿಯ ಸಂಕೇತಾಕ್ಷರ, ತಮಿಳು ತೆಲುಗು ಮಲಯಾಳ ತುಳುಗಳ ಜ್ಞಾತಿಪದಗಳು, ಮತ್ತು ಹಲವೆಡೆ ಜನರ ಬಾಯಲ್ಲಿದ್ದ ಗಾದೆ. ಕಂಪ್ಯೂಟರಿಲ್ಲದ ಕಾಲದಲ್ಲಿ ಇವುಗಳಲ್ಲಿ ಒಂದೊಂದನ್ನೂ ಕೈಯಿಂದ ಬರೆದು, ಅಕಾರಾದಿಯಲ್ಲಿ ಹೊಂದಿಸಿ, ಎರಡು ಲಿಪಿಗಳ ಮೊಳೆಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ, ಕರಡು ತಿದ್ದಬೇಕಿತ್ತು. ಕಿಟೆಲ್‌ಗೆ ನೆರವಾದ ಕನ್ನಡ ಪಂಡಿತರು, ಮೊಳೆ ಜೋಡಿಸಿದ ಮುದ್ರಣಾಲಯದ ಕೆಲಸಗಾರರು ಇವರ ತಾಳ್ಮೆಗೂ ಆ ಪುಸ್ತಕವೇ ಸ್ಮಾರಕ. ಮುಖಪುಟದಲ್ಲಿ ಒಂದೇ ಹೆಸರಿದೆ ಎಂಬ ಕಾರಣಕ್ಕೆ ಅವರನ್ನು ಮರೆಯುವುದು ಸಲ್ಲದು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಕಿಟೆಲ್‌ಗೆ ಡಾಕ್ಟರೇಟ್ ಕೊಟ್ಟಿತು. ಅಲ್ಲಿಗೂ ಕೆಲಸ ನಿಲ್ಲಲಿಲ್ಲ, ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು 1903ರಲ್ಲಿ ಮಂಗಳೂರಿನಿಂದಲೇ ಪ್ರಕಟಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡನು. ಮದ್ರಾಸ್ ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಈ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿದ್ದು ಮುಂದಿನ ಶತಮಾನದ ಮಾತು.

ಯೋಬನ ಕಥೆ ಇಂಗ್ಲಿಷಿಗೆ ಕೊಟ್ಟ ಇನ್ನೊಂದು ನುಡಿಗಟ್ಟೂ ಇದೆ: ‘ಜೋಬ್ಸ್ ಕಂಫರ್ಟರ್’, ಅಂದರೆ ಸಮಾಧಾನ ಹೇಳಲು ಬಂದು ಗಾಯಕ್ಕೆ ಉಪ್ಪು ಸವರುವವನು. ಸಹನೆಯ ನುಡಿಗಟ್ಟಿನ ಬಳಕೆಯಲ್ಲಿರುವ ಅಪಾಯಕ್ಕೆ ಇದೇ ಒಳ್ಳೆಯ ಮದ್ದು. ತಾನು ತಾಳುವುದು ಗುಣ; ಇನ್ನೊಬ್ಬರಿಗೆ ತಾಳಿಕೋ ಎಂದು ಉಪದೇಶಿಸುವುದು ಅನೇಕ ಸಲ ಎಲೀಫಜನ ಕೆಲಸ. ಮಧ್ಯಯುಗದ ಯುರೋಪಿನಲ್ಲಿ ಚರ್ಮದ ಕಾಯಿಲೆಯವರೂ ಕುಷ್ಠರೋಗಿಗಳೂ ಯೋಬನನ್ನು ತಮ್ಮ ರಕ್ಷಕ ಸಂತನಾಗಿ ಕಂಡಿದ್ದರು, ವೆನಿಸ್ ನಗರದ ಒಂದು ಆಸ್ಪತ್ರೆಗೂ ಚರ್ಚಿಗೂ ಅವನ ಹೆಸರಿತ್ತು. ಕುಷ್ಠವನ್ನು ಪಾಪದ ಫಲವೆಂದು ಎಣಿಸಿ ರೋಗಿಗಳನ್ನು ಊರಾಚೆ ಇಡುವುದು ನಮ್ಮ ನಾಡಿನಲ್ಲಿಯೂ ರೂಢಿಯಾಗಿದ್ದ ಕಾಲದಲ್ಲಿ, ಜರ್ಮನ್ ಮೂಲದ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನು ಕಟ್ಟಿದನು. ಇಂದು ಫಾದರ್ ಮುಲ್ಲರ್ ಆಸ್ಪತ್ರೆಯೆಂದು ಹೆಸರಾದ ಸಂಸ್ಥೆಯ ಬೇರು ಅಲ್ಲಿದೆ. ಹುಣ್ಣು ಕೆರೆದುಕೊಳ್ಳುತ್ತ ಕುಳಿತವನಿಗೆ ತಪ್ಪು ಯಾವುದೆಂದು ಕೇಳದೆ ಮದ್ದು ಹಚ್ಚುವ ಕೈಗಳನ್ನು ಯೋಬ ಮೂವತ್ತು ಅಧ್ಯಾಯ ಕಾದರೂ ಕಾಣಲಿಲ್ಲ.

ಈ ನುಡಿಗಟ್ಟಿನಲ್ಲಿ ಹೆಸರೇ ಇಲ್ಲದೆ ಉಳಿದವಳು ಯೋಬನ ಹೆಂಡತಿ. ಹತ್ತು ಮಕ್ಕಳನ್ನು ಕಳೆದುಕೊಂಡದ್ದು ಅವಳೂ ಹೌದು. ದೇವರನ್ನು ಶಪಿಸಿ ಸಾಯಬಾರದೇ ಎಂದು ಸಿಡಿದ ಒಂದೇ ವಾಕ್ಯವನ್ನು ಹೀಬ್ರೂ ಗ್ರಂಥ ಅವಳ ಬಾಯಿಗೆ ಕೊಡುತ್ತದೆ, ಆ ಒಂದು ವಾಕ್ಯಕ್ಕಾಗಿ ಬೋಧಕರು ಅವಳನ್ನು ಶತಮಾನಗಳ ಕಾಲ ಜರೆದಿದ್ದಾರೆ. ಮರುಕಥನಗಳು ಹೆಚ್ಚು ಕರುಣೆ ತೋರಿವೆ. ಗ್ರೀಕಿನ ‘ಯೋಬನ ಮರಣಶಾಸನ’ದಲ್ಲಿ ಅವಳ ಹೆಸರು ಸಿತಿಸ್, ಶ್ರೀಮಂತರ ಮನೆಯಲ್ಲಿ ನೀರು ಹೊತ್ತು ಗಂಡನಿಗೆ ರೊಟ್ಟಿ ತರುತ್ತಾಳೆ, ಕೊನೆಗೆ ಸಂತೆಯಲ್ಲಿ ತಲೆಗೂದಲನ್ನು ಕತ್ತರಿಸಿ ಕೊಟ್ಟು ರೊಟ್ಟಿ ಪಡೆಯುತ್ತಾಳೆ. ಅಯ್ಯೂಬರ ಪತ್ನಿಯೂ ಕೂದಲು ಮಾರಿ ಅನ್ನ ತಂದಳೆಂಬ ಕಥೆ ಮುಸ್ಲಿಮರಲ್ಲಿ ಇದೆ. ಮಾರಾಟಕ್ಕೆ ನಿಂತ, ಹರಿಶ್ಚಂದ್ರನ ಹೆಂಡತಿ ಚಂದ್ರಮತಿಯನ್ನು ಯಕ್ಷಗಾನದಲ್ಲಿ ಕಂಡವರಿಗೆ ಈ ಹೆಂಗಸರನ್ನು ಬೇರೆಯಾಗಿ ಪರಿಚಯಿಸಬೇಕಿಲ್ಲ. ಭೂಮಿತಾಯಿಯ ತಾಳ್ಮೆಯನ್ನು ಹೆಣ್ಣಿನಿಂದ ಸದಾ ಬೇಡುವ ಸಮಾಜಗಳು ಆ ತಾಳ್ಮೆಯ ಕೀರ್ತಿಯನ್ನು ಮಾತ್ರ ಗಂಡಸಿನ ಹೆಸರಿಗೆ ಬರೆದಿವೆ.

ಗ್ರಂಥದ ಕೊನೆಯಲ್ಲಿ ಯೋಬನಿಗೆ ಸಂಪತ್ತು ಇಮ್ಮಡಿಯಾಗಿ ಮರಳುತ್ತದೆ: 14,000 ಕುರಿ, 6,000 ಒಂಟೆ, 1,000 ಜೋಡಿ ಎತ್ತು, 1,000 ಕತ್ತೆ. ಮಕ್ಕಳು ಮಾತ್ರ ಇಮ್ಮಡಿಯಾಗುವುದಿಲ್ಲ, ಮೊದಲಿನಂತೆ ಏಳು ಗಂಡು ಮೂರು ಹೆಣ್ಣು. ಸತ್ತವರ ಜಾಗವನ್ನು ಹುಟ್ಟಿದವರು ತುಂಬಲಾರರೆಂದು ಕವಿಗೆ ತಿಳಿದಿತ್ತೆಂದು ಹಲವು ವ್ಯಾಖ್ಯಾನಕಾರರು ಇದನ್ನು ಓದುತ್ತಾರೆ. ಈ ಮಕ್ಕಳನ್ನು ಹೆತ್ತವಳ ಹೆಸರನ್ನು ಗ್ರಂಥ ಇಲ್ಲಿಯೂ ಹೇಳುವುದಿಲ್ಲ, ಗಂಡುಮಕ್ಕಳ ಹೆಸರೂ ಇಲ್ಲ. ಆದರೆ ಮೂವರು ಹೆಣ್ಣುಮಕ್ಕಳನ್ನು ಯೆಮೀಮ, ಕೆಚೀಯ, ಕೆರೆನ್‌ಹಪ್ಪೂಕ್ ಎಂದು ಹೆಸರಿಟ್ಟು ಕರೆದು, ತಂದೆಯು ಅವರಿಗೆ ಅಣ್ಣತಮ್ಮಂದಿರ ಜೊತೆಯಲ್ಲೇ ಆಸ್ತಿಯ ಪಾಲು ಕೊಟ್ಟನೆಂದು ದಾಖಲಿಸುತ್ತದೆ. ಗಂಡುಮಕ್ಕಳು ಇಲ್ಲದಿದ್ದಾಗ ಮಾತ್ರ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಸಲ್ಲುತ್ತದೆಂಬ ಮೋಶೆಯ ಧರ್ಮಶಾಸ್ತ್ರವಿದ್ದ ಜನಾಂಗದ ಗ್ರಂಥದಲ್ಲಿ, ದೇವರನ್ನೇ ನ್ಯಾಯ ಕೇಳಿ ಬಂದ ಮನುಷ್ಯ ತನ್ನ ಮನೆಯಲ್ಲಿ ಮಾಡಿದ ಹಂಚಿಕೆ ಅದು.